ಯೆಜ್ಡಿ ಮೇಲೆ ಚಿಂಚೋಳಿ ಕಾಡಿಗೆ

ನನ್ನ ಮೋಟಾರ್ ಸೈಕಲ್ ಲೈಸೆನ್ಸಿನ ಅವಧಿ ಕಳೆದ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. ವಯಸ್ಸಾದವರು ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಜೊತೆಗೆ ಡಾಕ್ಟರರ ಸರ್ಟಿಫಿಕೇಟೂ ಬೇಕು. ಫಾರ್ಮ್ ತಂದು ಟೇಬಲ್ ಮೇಲೆ ಇಟ್ಟು ಎರಡು ವಾರ ಆಗಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು 36 ವರ್ಷ ಊರವರ ಫಾರ್ಮ್ ತುಂಬಿಕೊಟ್ಟ ನಾನು, ನನ್ನದೊಂದು ಫಾರ್ಮ್ ತುಂಬದೆ ದಿನ ದೂಡುತ್ತಿದ್ದೆ.

"ಸಾಕ್ರೀ ಇನ್ನ. ಎಪ್ಪತ್ತು ದಾಟ್ಯಾವ. ಗಾಡಿ ಮಾರಿಬಿಡ್ರಿ" ಎಂದು ನಮ್ಮ ಮನೆಯವರು ದಿನಾ ಹೇಳುತ್ತಿದ್ದರು. ನಾನು ಕೇಳಿಸದವನಂತೆ ಪೇಪರ್ ಓದುತ್ತಿದ್ದೆ.

ಅಷ್ಟರಲ್ಲಿ ನನ್ನ ಮೊಮ್ಮಗಳ ಶಾಲೆಯಿಂದ ಒಂದು ಕೆಲಸ ಬಂತು. ಅವಳು ಏಳನೆಯ ತರಗತಿ. ನಿಮ್ಮೂರಿನ ಸುತ್ತಮುತ್ತ ಸಿಗುವ ಮೂರು ಬಗೆಯ ಮಣ್ಣು ಅಥವಾ ಕಲ್ಲು ತಂದು, ಅವುಗಳ ಬಗ್ಗೆ ಒಂದೊಂದು ಪುಟ ಬರೆಯಿರಿ ಎಂದು ಟೀಚರ್ ಹೇಳಿದ್ದರಂತೆ. ಅವಳು ಮೂರು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ನನ್ನ ಮುಂದೆ ನಿಂತಳು.

"ಮುತ್ಯಾ, ಮೂರು ಬಗಿ ಮಣ್ಣು ಎಲ್ಲಿ ಸಿಗ್ತದ?"

"ಒಂದ ದಿನದಾಗ ಮೂರೂ ತೋರಸ್ತೀನಿ, ನಡಿ. ಚಿಂಚೋಳಿ ಕಾಡಿಗಿ ಹೋಗಮಿ" ಎಂದೆ. ಮಣ್ಣು ಒಂದು ನೆಪ. ಮೋಟಾರ್ ಸೈಕಲ್ ಮೇಲೆ ಇನ್ನೊಂದು ದೊಡ್ಡ ಸುತ್ತು ಹೊಡೆಯುವ ಆಸೆ ನನಗೇ ಇತ್ತು. ಈ ಸುತ್ತು ಸರಿಯಾಗಿ ಮುಗಿದರೆ ಫಾರ್ಮ್ ತುಂಬಿಬಿಡುವುದು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಯೆಜ್ಡಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಾನು ಕೊಂಡದ್ದು 1982ರಲ್ಲಿ. ಮಕ್ಕಳೇ, ಇದರಲ್ಲಿ ಒಂದು ಸೋಜಿಗ ಉಂಟು. ಇದನ್ನು ಶುರು ಮಾಡುವ ಕಿಕ್ಕರ್ ಮತ್ತು ಗೇರ್ ಹಾಕುವ ಲಿವರ್ ಎರಡೂ ಒಂದೇ. ಮೇಲೆತ್ತಿ ಒದ್ದರೆ ಕಿಕ್ಕರ್. ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರ್. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಬೆರೆಸಿ ಹಾಕಬೇಕು. ಹೊಗೆ ಸ್ವಲ್ಪ ಹೆಚ್ಚು, ಸದ್ದು ಇನ್ನೂ ಹೆಚ್ಚು. ನಾನು ಸಂಜೆ ಬ್ಯಾಂಕಿನಿಂದ ಬರುವುದು ಓಣಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು.

ಕಲ್ಯಾಣ ಕರ್ನಾಟಕ ಉತ್ಸವ ಸೆಪ್ಟೆಂಬರ್ 17ಕ್ಕೆ. ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಿ ಭಾರತಕ್ಕೆ ಸೇರಿದ್ದು 1948ರ ಆ ದಿನ. ಅದು ಮುಗಿದ ನಂತರದ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಹೊರಟೆವು. ಇಬ್ಬರ ತಲೆಯ ಮೇಲೂ ಹೆಲ್ಮೆಟ್. ಚೀಲದಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು. "ಸಾವಕಾಶ ಹೊಡೀರಿ" ಎಂದು ಆಯಿ ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದಳು.

ಮೊದಲ ಡಬ್ಬಿ ಊರು ಬಿಡುವ ಮೊದಲೇ ತುಂಬಿತು. ಸೇಡಂ ಅಂದರೆ ಕಲ್ಲಿನ ಊರು. ನಮ್ಮ ಮನೆಗಳ ಗೋಡೆ, ನೆಲ, ಮಾಳಿಗೆ, ಹೊಲದ ಬದು, ಎಲ್ಲದಕ್ಕೂ ಪರಸಿ ಕಲ್ಲು. ಹೊರಗಿನವರು ಅದನ್ನು ಶಹಾಬಾದ್ ಕಲ್ಲು ಎನ್ನುತ್ತಾರೆ. ಅದು ಪದರು ಪದರಾಗಿ, ರೊಟ್ಟಿ ಪೇರಿಸಿಟ್ಟ ಹಾಗೆ ನೆಲದಡಿ ಇರುತ್ತದೆ. ಹಾಗಾಗಿಯೇ ಹಲಗೆಯಂತೆ ಎಬ್ಬಿಸಿ ತೆಗೆಯಲು ಬರುತ್ತದೆ. ಇದು ಸುಣ್ಣದ ಕಲ್ಲು. 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು. ವಾಡಿ, ಶಹಾಬಾದ್, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ.

"ಅಂದ್ರ ನಮ್ಮ ಮನೀ ಕಟ್ಟಿ ಸಮುದ್ರದ ತಳಾನ?" ಎಂದು ಮೊಮ್ಮಗಳು ಕೇಳಿದಳು.

ಹೌದು ಎಂದೆ. ಅವಳು ಒಂದು ಬೂದು ಚೂರು ಆರಿಸಿ ಡಬ್ಬಿಗೆ ಹಾಕಿ, ಮೇಲೆ ‘1. ಸಮುದ್ರ’ ಎಂದು ಬರೆದಳು.

ಊರಿನ ರೈಲು ಹಳಿಯದೂ ಒಂದು ಕಥೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ದಾರಿ 1874ರಲ್ಲಿ ನಿಜಾಮರ ಕಾಲಕ್ಕೆ ಆದದ್ದು. ನಾನು ಚಿಕ್ಕವನಿದ್ದಾಗ ನಮಗೆ ಹೊರಗಿನ ಲೋಕ ಅಂದರೆ ಈ ಹಳಿಯ ಎರಡು ತುದಿ. ಹಳಿ ಹೋಗದ ಚಿಂಚೋಳಿಯ ಕಡೆ ಏನಿದೆ ಎಂದು ನನಗೆ ತೋರಿಸಿದ್ದು ಈ ಯೆಜ್ಡಿ.

ಸೇಡಂ ಬಿಟ್ಟು ಉತ್ತರಕ್ಕೆ ಹೊರಟು ಕಾಗಿಣಾ ನದಿ ದಾಟಿದೆವು. ಮಳೆಗಾಲದ ಕೊನೆ, ನದಿಯಲ್ಲಿ ಕೆಂಚು ನೀರು. ಇದೇ ಕಾಗಿಣಾ ದಂಡೆಯ ಮೇಲೆ ಕೆಳಗಡೆ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಅದೇ. ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಆಳಿದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆ ಕೋಟೆಗೂ ಪರಸಿ ಕಲ್ಲೇ ಎಂದಾಗ ಮೊಮ್ಮಗಳು ಡಬ್ಬಿಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿದಳು.

ನದಿ ದಾಟಿದ ಮೇಲೆ ಎರಡೂ ಕಡೆ ಎರಿ ಹೊಲ. ಹೆಸರು, ಉದ್ದಿನ ರಾಶಿ ಮುಗಿದಿತ್ತು. ತೊಗರಿ ಸೊಂಟದ ಮಟ ಬೆಳೆದು ನಿಂತಿತ್ತು. ಕಣ್ಣು ಹಾಯುವಷ್ಟು ದೂರ ಹಸಿರು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಮೈಸೂರು ರೇಷ್ಮೆಗೆ, ಧಾರವಾಡ ಪೇಡೆಗೆ ಇರುವಂಥದೇ ಅದು.

ಸುಲೇಪೇಟದಲ್ಲಿ ಚಹಾಕ್ಕೆ ನಿಂತೆವು. ಬಿಸಿ ಮಿರ್ಚಿ ಭಜಿಯೂ ಸಿಕ್ಕಿತು. ಅಲ್ಲಿಂದ ಮುಂದೆ ಒಂದು ಹೊಲದ ಬದಿಗೆ ಗಾಡಿ ನಿಲ್ಲಿಸಿ, ಎರಿ ಮಣ್ಣನ್ನು ಎರಡನೆಯ ಡಬ್ಬಿಗೆ ತುಂಬಿದೆವು. ಹಸಿ ಮಣ್ಣು ಅವಳ ಬೆರಳಿಗೆ ಅಂಟಿ ಬಿಡಲಿಲ್ಲ.

"ಇದು ಬೆಂಕಿಯಿಂದ ಬಂದದ್ದು" ಎಂದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಲಾವಾರಸ ಉಕ್ಕಿ, ಮಹಾರಾಷ್ಟ್ರದಿಂದ ನಮ್ಮ ಬೀದರ, ಕಲಬುರಗಿವರೆಗೂ ಹರಡಿತು. ತಣ್ಣಗಾಗಿ ಕರಿಗಲ್ಲಾಯಿತು. ಆ ಕರಿಗಲ್ಲು ಬಿಸಿಲು ಮಳೆಗೆ ಸವೆದು ಸವೆದು ಎರಿ ಮಣ್ಣಾಯಿತು. ಇದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಮ್ಮೆ ಕುಡಿದ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಳೆ ನಿಂತ ಮೇಲೂ ತೊಗರಿ ಆಳಕ್ಕೆ ಬೇರು ಇಳಿಸಿ ಬದುಕುತ್ತದೆ.

ಈ ಮಣ್ಣು ನನ್ನನ್ನು ಬಹಳ ಸಲ ಅಳಿಸಿದೆ. 1983ರ ಮಳೆಗಾಲದಲ್ಲಿ ನಮ್ಮ ಫೀಲ್ಡ್ ಆಫೀಸರರನ್ನು ಹಿಂದೆ ಕೂರಿಸಿಕೊಂಡು ಬೆಳೆ ಸಾಲ ಕೊಟ್ಟ ಹೊಲ ನೋಡಲು ಬಂದಿದ್ದೆ. ಎರಿ ಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿಯೇ ತಿರುಗಲಿಲ್ಲ. ಕಡ್ಡಿಯಿಂದ ಮಣ್ಣು ಕೆದರುವುದು, ಹತ್ತು ಮಾರು ಹೋಗುವುದು, ಮತ್ತೆ ಕೆದರುವುದು. ಕೊನೆಗೆ ಒಬ್ಬ ರೈತ ಎತ್ತಿನ ಬಂಡಿಯಲ್ಲಿ ಗಾಡಿ ಹೇರಿಕೊಂಡು ಡಾಂಬರ್ ರಸ್ತೆಗೆ ತಂದುಬಿಟ್ಟ. ಕೇಳಿ ಮೊಮ್ಮಗಳು ಬಹಳ ನಕ್ಕಳು. ಅವಳು ಎರಡನೆಯ ಡಬ್ಬಿಗೆ ‘ಬೆಂಕಿ’ ಎಂದು ಹೆಸರಿಟ್ಟಳು.

ಸೇಡಂನಿಂದ ಚಿಂಚೋಳಿಗೆ ಸುಮಾರು 40 ಕಿ.ಮೀ. ಊರು ಮುಲ್ಲಾಮಾರಿ ನದಿಯ ದಂಡೆಯ ಮೇಲಿದೆ. ಎರಡು ಸಲ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರ ಊರು ಇದು. ಪೆಟ್ರೋಲು ಹಾಕಿಸಿ, ಎಣ್ಣೆ ಬೆರೆಸಿ, ಚಂದಾಪುರ ದಾಟಿ ಕಾಡಿನ ದಾರಿ ಹಿಡಿದೆವು.

ಇಲ್ಲಿ ನೆಲ ಬದಲಾಗುತ್ತದೆ. ಬಯಲು ಮುಗಿದು ಗುಡ್ಡ ಏಳುತ್ತದೆ, ರಸ್ತೆ ತಿರುವುತ್ತದೆ, ಮಣ್ಣು ಒಮ್ಮೆಲೇ ಕೆಂಪಾಗುತ್ತದೆ. ಕಲಬುರಗಿ ಜಿಲ್ಲೆ ಅಂದರೆ ಬರೀ ಬಿಸಿಲು, ಬಯಲು ಎಂದು ತಿಳಿದವರು ಮಳೆಗಾಲದಲ್ಲಿ ಒಮ್ಮೆ ಇಲ್ಲಿಗೆ ಬರಬೇಕು. ಸಾಗವಾನಿ, ಮುತ್ತಲ, ಸೀತಾಫಲ, ಅಲ್ಲಲ್ಲಿ ಶ್ರೀಗಂಧ, ರಕ್ತಚಂದನ. ಒಂದರ ಹಿಂದೆ ಒಂದು ಹಸಿರು ಗುಡ್ಡ. ಆಚೆ ತುದಿಗೆ ತೆಲಂಗಾಣ. 134 ಚದರ ಕಿ.ಮೀ.ಗೂ ಹೆಚ್ಚಿನ ಈ ಕಾಡನ್ನು ಸರ್ಕಾರ 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಎಂದು ಘೋಷಿಸಿತು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಇಲ್ಲಿವೆ. ಕಾಡಿನ ನಡುವೆ ಲಂಬಾಣಿ ತಾಂಡಾಗಳೂ ಇವೆ. ಅಲ್ಲಿಯವರು ತುಂಡು ಹೊಲದಲ್ಲಿ ದುಡಿದು, ಆಡು ದನ ಮೇಯಿಸಿ ಬದುಕುತ್ತಾರೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮಂದಿ ಮುಂಬಯಿ, ಪುಣೆಗೆ ಕೂಲಿಗೆ ಹೋಗುತ್ತಾರೆ.

ಮೊಮ್ಮಗಳು ರಸ್ತೆ ಬದಿಯ ಕೆಂಪು ಮಣ್ಣು ಕಂಡು ಮೂರನೆಯ ಡಬ್ಬಿ ತೆಗೆದಳು. ಅಲ್ಲೇ ಇದ್ದ ಅರಣ್ಯ ಇಲಾಖೆಯ ಹುಡುಗನೊಬ್ಬ ಕೈ ಅಡ್ಡ ಹಿಡಿದ.

"ಕಾಡಿಂದ ಏನೂ ಒಯ್ಯಂಗಿಲ್ಲ, ತಂಗಿ."

"ಮಣ್ಣೂ ಒಯ್ಯಬಾರದಾ?"

"ದಿನಾ ನೂರು ಮಂದಿ ಬಂದು ಒಂದೊಂದು ಮುಟಗಿ ಒಯ್ದರ ಏನು ಉಳೀತದ ಹೇಳು? ಹಂಗೇ ಇಲ್ಲಿ ಏನೂ ಬಿಟ್ಟೂ ಹೋಗಬ್ಯಾಡ್ರಿ. ಪ್ಲಾಸ್ಟಿಕ್ ಚೀಲ ಇದ್ರ ವಾಪಸ್ ತರ್ರಿ."

ಅವಳ ಮುಖ ಸಣ್ಣದಾಯಿತು. ಖಾಲಿ ಡಬ್ಬಿ ಚೀಲಕ್ಕೆ ಸೇರಿತು. ಆದರೆ ಆ ಹುಡುಗ ಹೇಳಿದ್ದು ಸರಿ. ಕಾಡು ತುಂಬಿರುವುದೇ ಒಬ್ಬೊಬ್ಬರೂ ಒಯ್ಯದೆ ಬಿಟ್ಟದ್ದರಿಂದ.

ಚಂದ್ರಂಪಳ್ಳಿ ಅಣೆಕಟ್ಟು ಗುಡ್ಡಗಳ ನಡುವೆ ಇದೆ. 1970ರ ದಶಕದಲ್ಲಿ ಪೂರ್ತಿಯಾದ ಮಣ್ಣಿನ ಒಡ್ಡು. ಅದರ ಮೇಲೆ ನಿಂತರೆ ಒಂದು ಕಡೆ ನೀರು, ನೀರಿನ ಸುತ್ತ ಗುಡ್ಡ, ಗುಡ್ಡದ ಮೇಲೆ ಮೋಡದ ನೆರಳು ಸರಿಯುವುದು ಕಾಣುತ್ತದೆ. ಗಾಡಿಯ ಸದ್ದು ನಿಂತ ಮೇಲೆ ಮೊದಲು ಕಿವಿ ಗುಂಯ್ ಎಂದಿತು. ಆಮೇಲೆ ಒಂದೊಂದೇ ಹಕ್ಕಿ ಕೇಳತೊಡಗಿತು. ದೂರದಲ್ಲಿ ನವಿಲು ಕೂಗಿತು. ಮರದ ನೆರಳಲ್ಲಿ ಕೂತು ರೊಟ್ಟಿ ಬಿಚ್ಚಿದೆವು. ಮನೆಯಲ್ಲಿ ಪುಂಡಿ ಪಲ್ಯಕ್ಕೆ ಮೂಗು ಮುರಿಯುವ ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು. ಖಾಲಿ ಕಾಗದ, ಚೀಲ ಎಲ್ಲ ಅವಳೇ ಮಡಚಿ ಡಬ್ಬಿಯೊಳಗೆ ಇಟ್ಟಳು.

ಅಲ್ಲಿಂದ ಎತ್ತಿಪೋತ ಜಲಪಾತಕ್ಕೆ ಹೋದೆವು. ಹೆಸರು ತೆಲುಗಿನದು. ‘ಎತ್ತಿ ಹೊಯ್ಯುವುದು’ ಎಂದು ಅರ್ಥ ಮಾಡಿಕೊಳ್ಳಬಹುದು. ಗಡಿಯಲ್ಲಿ ಹೀಗೇ, ಒಂದು ಹೆಸರು ಎರಡು ಭಾಷೆಗೂ ಅರ್ಥವಾಗುತ್ತದೆ. ಗಾಡಿ ಬಿಟ್ಟು ಕಲ್ಲು ದಾರಿಯಲ್ಲಿ ಇಳಿಯಬೇಕಾಯಿತು. ಅವಳು ಮುಂದೆ ಮುಂದೆ ಹೋಗಿ, ಪ್ರತಿ ಸಲ ಹೊರಳಿ ನೋಡಿ, "ಇಲ್ಲಿ ಕಾಲಿಡು ಮುತ್ಯಾ" ಎಂದು ಕೈ ಕೊಡುತ್ತಿದ್ದಳು. ಇವಳಿಗೆ ನಡೆಯಲು ಕಲಿಸಿದ್ದು ನಾನು ಎಂದು ನೆನಪಾಯಿತು.

ನೀರು ಕರಿಗಲ್ಲಿನ ಮೆಟ್ಟಿಲುಗಳಿಂದ ಬಿಳಿಯಾಗಿ ಸುರಿಯುತ್ತಿತ್ತು. ಜೋಗದಷ್ಟು ಎತ್ತರವೇನಲ್ಲ. ಆದರೆ ಏಪ್ರಿಲ್‌ನಲ್ಲಿ ಕೊಡ ನೀರಿಗೆ ಸಾಲು ನಿಲ್ಲುವ ನಮ್ಮ ಸೀಮೆಯವರಿಗೆ ಇಷ್ಟು ನೀರು ಬೀಳುವುದನ್ನು ನೋಡುವುದೇ ಒಂದು ಹಬ್ಬ.

"ಮಳಿ ಇಲ್ಲದಿದ್ರೂ ನೀರು ಹ್ಯಾಂಗ ಬರ್ತದ?" ಎಂದು ಅವಳು ಕೇಳಿದಳು.

ಗುಡ್ಡದ ಮೇಲಿನ ಕೆಂಪು ಕಲ್ಲು ಜಂಬಿಟ್ಟಿಗೆ. ಕರಿಗಲ್ಲೇ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಮಾಗಿ, ಬೇರೆ ಅಂಶಗಳು ತೊಳೆದುಹೋಗಿ, ಕಬ್ಬಿಣದ ಅಂಶ ಉಳಿದು ತುಕ್ಕಿನ ಬಣ್ಣ ಬಂದದ್ದು. ಅದರ ತುಂಬ ತೂತು. ಮಳೆ ನೀರು ಅದರೊಳಗೆ ಇಂಗುತ್ತದೆ. ಕೆಳಗಿನ ಗಟ್ಟಿ ಕರಿಗಲ್ಲು ಅಷ್ಟು ಸುಲಭವಾಗಿ ನೀರು ಬಿಡುವುದಿಲ್ಲ. ಎರಡೂ ಸೇರುವಲ್ಲಿ ನೀರು ನಿಧಾನವಾಗಿ ಹೊರಗೆ ಜಿನುಗುತ್ತದೆ. ಬೀದರಿನ ಕೋಟೆ ಕಟ್ಟಿದವರು ಇಂಥ ಕೆಂಪು ಕಲ್ಲನ್ನು ಬಳಸಿದರು. ಅಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿಗಳು, ಅಂದರೆ ಕರೇಜ್, ಇದೇ ಜಿನುಗು ನೀರನ್ನು ಊರಿಗೆ ತಂದವು. "ಹಾಂಗಾದ್ರ ಗುಡ್ಡ ಅಂದ್ರ ನೀರಿನ ಬ್ಯಾಂಕು" ಎಂದಳು ಮೊಮ್ಮಗಳು. ನಾನು 36 ವರ್ಷ ಕೆಲಸ ಮಾಡಿದವನು. ಈ ಮಾತು ನನಗೆ ಹೊಳೆದಿರಲಿಲ್ಲ.

ಮೂರೂವರೆಗೆ ತಿರುಗಿ ಹೊರಟೆವು. ಇನ್ನು ಮುಂದಿನದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ವಾಪಸ್ ದಾರಿ ಪಡುವಣಕ್ಕೆ. ಸೂರ್ಯ ಎದುರಿಗೇ ಇದ್ದ. ಮರಗಳ ನಡುವೆ ಬಿಸಿಲು ನೆರಳು ಪಟ್ಟೆ ಪಟ್ಟೆಯಾಗಿ ರಸ್ತೆಯ ಮೇಲೆ ಬಿದ್ದಿತ್ತು. ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದೇನೆ. ಎಡಗಣ್ಣಿನದು ತೆಗೆಸಬೇಕು, ಮುಂದೂಡುತ್ತಾ ಬಂದಿದ್ದೇನೆ. ಒಂದು ತಿರುವಿನಲ್ಲಿ ಮೊಮ್ಮಗಳು ಹಿಂದಿನಿಂದ ಕೂಗಿದಳು: "ಮುತ್ಯಾ, ಆಡು!"

ನನಗೆ ಕಂಡದ್ದು ನೆರಳು ಮಾತ್ರ. ಅವಳ ಕೂಗಿಗೆ ಕಾಲು ಬ್ರೇಕ್ ಒತ್ತಿತು. ಹಿಂದಿನ ಗಾಲಿ ಕೆಂಪು ಗರಸಿನ ಮೇಲೆ ಸರ್ರನೆ ಜಾರಿತು. ಹೇಗೋ ಕಾಲು ಊರಿ ನಿಲ್ಲಿಸಿದೆ. ಎಂಜಿನ್ ಬಂದ್ ಆಯಿತು. ಆಗ ನೋಡಿದೆ, ರಸ್ತೆ ತುಂಬ ಆಡುಗಳು, ಇಪ್ಪತ್ತಾದರೂ ಇದ್ದವು. ನಮ್ಮ ಮುಂದಿನ ಗಾಲಿಗೂ ಒಂದು ಮರಿಗೂ ನಡುವೆ ಒಂದು ಗೇಣು.

ಯಾರಿಗೂ ಏನೂ ಆಗಲಿಲ್ಲ. ಆದರೆ ನನ್ನ ಕೈ ನಡುಗುತ್ತಿತ್ತು. ಕಿಕ್ಕರ್ ಒದ್ದೆ, ಕಾಲಲ್ಲಿ ಬಲವೇ ಇರಲಿಲ್ಲ. ಆಡಿನ ಹಿಂದೆ ಬರುತ್ತಿದ್ದ ಲಂಬಾಣಿ ಮುದುಕಿ ನನ್ನ ಮುಖ ನೋಡಿ, ಬೈಯಲಿಲ್ಲ. ನೀರಿನ ಬಾಟಲಿ ಚಾಚಿದಳು. ಅವಳ ಭಾಷೆಯಲ್ಲಿ ತಾಯಿಗೆ ‘ಯಾಡಿ’ ಎನ್ನುತ್ತಾರೆ ಎಂದು ಬ್ಯಾಂಕಿನ ಕೌಂಟರಿನಲ್ಲಿ ಕಲಿತಿದ್ದೆ.

"ತಪ್ಪಾತು ಯಾಡಿ" ಎಂದೆ.

"ನಿಂದೇನು ತಪ್ಪು, ಅಣ್ಣಾ. ಬಿಸಲು ಕಣ್ಣಾಗ ಬಿತ್ತು" ಎಂದಳು.

ಒಳ್ಳೆಯ ಮಾತು. ಆದರೆ ಅದೇ ಬಿಸಿಲು ಮೊಮ್ಮಗಳ ಕಣ್ಣಿಗೂ ಬಿದ್ದಿತ್ತು. ಅವಳು ನನ್ನ ಬೆನ್ನ ಹಿಂದಿನಿಂದ ಬಾಗಿ ನೋಡಿದವಳು; ಅವಳಿಗೆ ಕಂಡಿತು, ನನಗೆ ಕಾಣಲಿಲ್ಲ.

ಮುದುಕಿಯ ಮನೆ ಕಾಡಿನ ಅಂಚು ದಾಟಿದರೆ ಸಿಗುವ ತಾಂಡಾದಲ್ಲಿ. ಗಾಡಿ ತಳ್ಳಿಕೊಂಡೇ ಅಲ್ಲಿಯವರೆಗೆ ಹೋದೆವು. ಅವಳು ಚಹಾ ಕುದಿಸಿಕೊಟ್ಟಳು. ಮೊಮ್ಮಗಳು ಖಾಲಿ ಡಬ್ಬಿಯ ಕಥೆ ಹೇಳಿದ್ದೇ ತಡ, ಮುದುಕಿ ಮನೆಯ ಹಿಂದಿನ ತನ್ನ ಹೊಲಕ್ಕೆ ಕರೆದೊಯ್ದು, "ಇದು ನನ್ನ ಮಣ್ಣು, ಯಾರೂ ಏನೂ ಅನ್ನಲ್ಲ" ಎಂದು ತನ್ನ ಕೈಯಿಂದಲೇ ಕೆಂಪು ಮಣ್ಣು ತುಂಬಿದಳು. ಮೊಮ್ಮಗಳು ಅದಕ್ಕೆ ‘ಯಾಡಿಯ ಹೊಲ’ ಎಂದು ಬರೆದಳು. ಮುದುಕಿಯ ಮೊಮ್ಮಗ ಯೆಜ್ಡಿಯ ಕಿಕ್ಕರ್ ಎಲ್ಲಿದೆ ಎಂದು ಹುಡುಕಿ ಸುಸ್ತಾಗಿ, ನಾನು ತೋರಿಸಿದ ಮೇಲೆ ಒಂದೇ ಒದೆತಕ್ಕೆ ಶುರು ಮಾಡಿಕೊಟ್ಟ.

ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಸಾವಕಾಶ ಹೊರಟೆವು. ಸುಲೇಪೇಟ ದಾಟಿದ ಮೇಲೆ ಮೊಮ್ಮಗಳು ನನ್ನ ಕಿವಿಯ ಹತ್ತಿರ ಹೇಳಿದಳು: "ಮುತ್ಯಾ, ಆಡಿಂದು ಆಯಿಗಿ ಹೇಳಬ್ಯಾಡ. ಹೇಳಿದ್ರ ಮತ್ತ ನಮ್ಮನ್ನ ಕಳಸಂಗಿಲ್ಲ."

ನಾನು ಉತ್ತರ ಕೊಡಲಿಲ್ಲ. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಆಗಬೇಕು. ಒಂದು ರೂಪಾಯಿ ಕಡಿಮೆ ಬಂದರೂ ಹುಡುಕುತ್ತಾ ಕೂರುತ್ತಿದ್ದೆವು. ಕಿಸೆಯಿಂದ ಒಂದು ರೂಪಾಯಿ ಹಾಕಿ ಮುಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ತಪ್ಪು ಎಲ್ಲಿ ಆಯಿತೆಂದು ಗೊತ್ತಾಗುವುದಿಲ್ಲ. ನಾಳೆ ಅದು ನೂರಾಗುತ್ತದೆ.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಆ ದಿನ ಗಾಡಿ ಓಡಿದ್ದು 128 ಕಿ.ಮೀ. ಕಾಲು ತೊಳೆದು ಬಂದು ಕೂತು, ಮನೆಯವರಿಗೆ ಎಲ್ಲ ಹೇಳಿದೆ. ಗುಡ್ಡ, ನೀರು, ನವಿಲು, ಕೊನೆಗೆ ಆಡು. ಮೊಮ್ಮಗಳು ತಲೆ ತಗ್ಗಿಸಿದಳು. ಮನೆಯವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಚಲೋ ಆತು. ಊಟಕ್ಕ ಏಳ್ರಿ" ಎಂದರು.

ಫಾರ್ಮ್ ನಾನು ತುಂಬಲಿಲ್ಲ. ಅಕ್ಟೋಬರಿನಲ್ಲಿ ಎಡಗಣ್ಣಿನ ಆಪರೇಶನ್ ಮಾಡಿಸಿಕೊಂಡೆ. ಈಗ ಚೆನ್ನಾಗಿ ಕಾಣುತ್ತದೆ. ಮತ್ತೆ ಅರ್ಜಿ ಹಾಕಬಹುದಲ್ಲ ಎಂದು ಗೆಳೆಯರು ಹೇಳುತ್ತಾರೆ. ಕಣ್ಣು ಸರಿಯಾಯಿತು ನಿಜ. ಆ ಹೊತ್ತಿನ ನಡುಗಿದ ಕೈಗೆ ಆಪರೇಶನ್ ಇಲ್ಲ. ಹಿಂದೆ ಒಂದು ಮಗು ಕೂತಿರುತ್ತದೆ, ಮುಂದೆ ಇನ್ನೊಬ್ಬರ ಆಡಿನ ಮರಿ ಇರುತ್ತದೆ. ಯೆಜ್ಡಿ ಪಡಸಾಲೆಯ ಮೂಲೆಯಲ್ಲಿ ನಿಂತಿದೆ. ಮಾರಿಲ್ಲ. ಭಾನುವಾರಕ್ಕೊಮ್ಮೆ ನಾನೂ ಮೊಮ್ಮಗಳೂ ಒರೆಸುತ್ತೇವೆ.

ಮೂರು ಡಬ್ಬಿಗಳು ಶಾಲೆಯ ಕಪಾಟಿನಲ್ಲಿವೆ. ಮುಂದಿನ ಮಳೆಗಾಲಕ್ಕೆ ಮತ್ತೆ ಎತ್ತಿಪೋತ ನೋಡಲು ಹೋಗುತ್ತೇವೆ. ಈ ಸಲ ಆಯಿಯೂ ಬರುತ್ತಾಳೆ, ಆಡು ಕಾಯುವ ಯಾಡಿಗೆ ಕೊಡಲು ಈಗಲೇ ಶೇಂಗಾ ಹಿಂಡಿಯ ಮಾತಾಡುತ್ತಿದ್ದಾಳೆ. ಚಿಂಚೋಳಿಯವರೆಗೆ ಸರ್ಕಾರಿ ಬಸ್ಸು, ಅಲ್ಲಿಂದ ಮುಂದೆ ಜೀಪು. ಕಿಟಕಿಯ ಸೀಟು ಯಾರಿಗೆ ಎಂಬುದರ ಮೇಲೆ ಮಾತ್ರ ಮನೆಯಲ್ಲಿ ಇನ್ನೂ ಒಪ್ಪಂದ ಆಗಿಲ್ಲ.